ಗೆರೆಯಾಚೆಯಿಂದ ಕೂಗುವ ಮುನ್ನ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳು ಶುರುವಾಗಿವೆ. ಕಳೆದ ವಾರ ನಮ್ಮ ಭಾಗದ ಹೈಸ್ಕೂಲ್ ಹುಡುಗಿಯರ ಕಬಡ್ಡಿ ನಡೆಯಿತು. ಹಿಂದಿನ ರಾತ್ರಿ ಮಳೆ ಬಿದ್ದು ಎರೆ ಮಣ್ಣು ಕಾಲಿಗೆ ಮೆತ್ತುತ್ತಿತ್ತು. ಗರಸು ಹಾಕಿಸಿ, ಸುಣ್ಣದ ಗೆರೆ ಎಳೆದು ಆಟ ಆರಂಭಿಸುವ ಹೊತ್ತಿಗೆ ಹನ್ನೊಂದು ಗಂಟೆ. ಒಂದು ತಂಡದ ಎಡ ಕಾರ್ನರ್‌ನಲ್ಲಿ, ಅಂದರೆ ಹಿಡಿಯುವವರ ಸಾಲಿನ ಎಡ ತುದಿಯಲ್ಲಿ, ನಿಂತ ಹುಡುಗಿಗೆ ಹದಿನಾಲ್ಕು ವರ್ಷ ಇರಬಹುದು. ಎದುರು ತಂಡದಿಂದ ಮುಟ್ಟಲು ಬರುವ ರೈಡರ್ ಒಳಗೆ ಬಂದಾಗಲೆಲ್ಲ ಆ ಹುಡುಗಿ ರೈಡರ್ ಕಾಲು ನೋಡುತ್ತಿರಲಿಲ್ಲ, ಗೆರೆಯಾಚೆ ನಿಂತ ತನ್ನ ಮಾಸ್ತರರ ಮುಖ ನೋಡುತ್ತಿದ್ದಳು. ಮಾಸ್ತರರು 'ಹಿಡಿ, ಹಿಡಿ' ಎಂದು ಕೂಗಿದರು. ಇವಳು ಇತ್ತ ತಿರುಗುವಷ್ಟರಲ್ಲಿ ರೈಡರ್ ಮುಟ್ಟಿಕೊಂಡು ಮಿಡ್ ಲೈನ್ ದಾಟಿಯಾಗಿತ್ತು. ಔಟಾಗಿ ಹೊರಗೆ ಕುಳಿತವಳಿಗೆ ಎಲ್ಲರೆದುರೇ ಬೈಗುಳ ಬಿತ್ತು.

ನಾನು ಅದೇ ಮೈದಾನದಲ್ಲಿ ನನ್ನ ತಂಡದ ಜೊತೆ ನಿಂತಿದ್ದೆ. ಆ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ. ಯಾಕೆಂದರೆ ಒಂದು ಕಾಲಕ್ಕೆ ನಾನೂ ಹಾಗೇ ನಿಂತವಳು.

ಆಗಿನ್ನೂ ನಮ್ಮ ಊರಿನ ಹೆಸರು ಗುಲ್ಬರ್ಗಾ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ, ಬಲ ಕಾರ್ನರ್ ಆಡುತ್ತಿದ್ದೆ. ಜಿಲ್ಲಾ ಮಟ್ಟದ ಒಂದು ಆಟದಲ್ಲಿ ನಮ್ಮ ಸರ್ 'ಆಂಕಲ್' ಎಂದು ಕೂಗಿದರು, ಅಂದರೆ ಹಾರಿ ರೈಡರ್ ಪಾದದ ಗಂಟು ಹಿಡಿ ಎಂದು. ರೈಡರ್ ಭಾರ ಪೂರ್ತಿ ಹಿಂದಿನ ಕಾಲಿನ ಮೇಲಿತ್ತು. ಮುಂದಿನ ಕಾಲು ಸುಮ್ನೆ ಆಸೆ ತೋರಿಸಲು ಚಾಚಿದ್ದು. ಕೈ ಹಾಕಿದರೆ ಎಳೆದುಕೊಂಡು ಹೋಗುತ್ತಾಳೆ ಎಂದು ನನಗೆ ಕಂಡಿತು. ನಾನು ಹಾರಲಿಲ್ಲ. ಮುಂದೆ ಆ ಆಟ ಸೋತೆವು. ಸರ್ ನನ್ನನ್ನೇ ಕಾರಣ ಮಾಡಿದರು. ನಾನು ಏನು ನೋಡಿದೆ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ನಾನು ಆಡಿದ್ದೆಲ್ಲ ಸರ್ ಮುಖ ನೋಡಿಕೊಂಡೇ. ಕಣ್ಣಿದ್ದೂ ನೋಡುವುದನ್ನು ಬಿಟ್ಟುಬಿಟ್ಟೆ.

ಈಗ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನನ್ನ ತಂಡದಲ್ಲಿ ಫರಸಿ ಕಲ್ಲಿನ ಖಣಿಗೆ ಹೋಗುವವರ ಮಕ್ಕಳಿದ್ದಾರೆ, ತಾಂಡಾದ ಮಕ್ಕಳಿದ್ದಾರೆ. ಕೋಚ್ ಹೇಳಿದ್ದನ್ನು ಆಟಗಾರ್ತಿ ಯಾಕೆ ನಂಬಬೇಕು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ದೊಡ್ಡವರು ಹೇಳಿದರು, ಕೇಳಬೇಕು ಎಂದರೆ ಸಾಲದು. ಹೆದರಿಕೆಯಿಂದ ಕೇಳುವವಳು ಅರ್ಧ ಸೆಕೆಂಡ್ ತಡ ಮಾಡುತ್ತಾಳೆ. ಕಬಡ್ಡಿಯಲ್ಲಿ ಅರ್ಧ ಸೆಕೆಂಡ್ ಅಂದರೆ ಮುಗೀತು, ಅಲ್ವಾ?

ಒಂದು ರೈಡ್‌ಗೆ ಸಿಗುವುದು 30 ಸೆಕೆಂಡ್. ರೈಡರ್ ಒಳಗೆ ಹೋದ ಮೇಲೆ ಏಳು ಜನರ ಮುಂದೆ ಆಕೆ ಒಬ್ಬಳೇ. ಆ ಹೊತ್ತಿನಲ್ಲಿ ತನ್ನವರೇ ಅವಳಿಗೆ ಸೂಚನೆ ಕೊಟ್ಟರೆ ಎದುರಾಳಿಗೆ ಒಂದು ಅಂಕ ಎಂಬ ನಿಯಮವನ್ನು ನಾವು ಕೋರ್ಸಿನಲ್ಲಿ ಓದಿದ್ದೆವು. ಹೇಳುವುದೇನಿದ್ದರೂ ಆಕೆ ಗೆರೆ ದಾಟುವ ಮೊದಲೇ ಹೇಳಬೇಕು. ಟೈಮ್ ಔಟ್ ತಗೊಂಡರೂ ಸಿಗುವುದು ಅರ್ಧ ನಿಮಿಷ. ನೀರು ಕುಡಿಯುವುದಕ್ಕೇ ಹತ್ತು ಸೆಕೆಂಡ್ ಹೋಗುತ್ತದೆ. ಉಳಿದದ್ದರಲ್ಲಿ ಹೊಸದೇನನ್ನೂ ಕಲಿಸಲಾಗುವುದಿಲ್ಲ. ಮೊದಲೇ ಮಾತಾಡಿಕೊಂಡದ್ದನ್ನು ನೆನಪಿಸಬಹುದು, ಅಷ್ಟೇ.

ಅದಕ್ಕೇ ನಾವು ನಮ್ಮದೇ ಮಾತು ಮಾಡಿಕೊಂಡಿದ್ದೇವೆ. ಹೆಸರಿಟ್ಟದ್ದು ಹುಡುಗಿಯರು. 'ಉಪ್ಪು' ಅಂದರೆ ಬೋನಸ್‌ಗೆ ಹೋಗು, ಬೋನಸ್ ಗೆರೆ ದಾಟಿ ಒಂದು ಅಂಕ ತಾ. 'ಬುತ್ತಿ' ಅಂದರೆ ಏನೂ ಮಾಡಬೇಡ, ಕಟ್ಟಿಕೊಂಡು ಮನೆಗೆ ಬಾ, ಅಂದರೆ ಖಾಲಿ ರೈಡ್. 'ಜಾತ್ರೆ' ಅಂದರೆ ಚೈನ್ ಹಿಡಿದವರೆಲ್ಲ, ಅಂದರೆ ಕೈ ಕೈ ಹಿಡಿದು ನಿಂತವರೆಲ್ಲ, ಒಟ್ಟಿಗೆ ರೈಡರ್ ಮೇಲೆ ಬೀಳಬೇಕು. ಶರಣಬಸವೇಶ್ವರ ಜಾತ್ರೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ತಾಂಡಾದ ಇಬ್ಬರು ತಮ್ಮಲ್ಲೇ ಲಂಬಾಣಿಯಲ್ಲಿ ಕೂಗಿಕೊಳ್ಳುತ್ತಾರೆ, ಅದೂ ನಡೆಯುತ್ತದೆ. ತಾವೇ ಇಟ್ಟ ಹೆಸರು ಕಿವಿಗೆ ಬಿದ್ದರೆ ಅದು ತಮ್ಮ ಮಾತು ಅನಿಸುತ್ತದೆ. ಮೇಡಂ ಹೇರಿದ್ದು ಅನಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದ ಒಂದು ಸಂಜ್ಞೆ ಇದೆ. ನಾನು ಕೂಗಿದ್ದು ಬೇಡ ಅನಿಸಿದರೆ ಹುಡುಗಿ ತೊಡೆಯ ಮೇಲೆ ಎರಡು ಸಲ ತಟ್ಟುತ್ತಾಳೆ. ತಟ್ಟಿದ ಮೇಲೆ ನಿರ್ಧಾರ ಆಕೆಯದು. ಯಾಕೆ ತಟ್ಟಿದೆ ಎಂದು ಮೈದಾನದಲ್ಲಿ ನಾನು ಕೇಳುವ ಹಾಗಿಲ್ಲ.

ಹೋದ ವರ್ಷದ ಫೈನಲ್. ಎರಡು ನಿಮಿಷ ಉಳಿದಿತ್ತು, ನಾವು ಒಂದು ಅಂಕ ಹಿಂದೆ. ಎರಡು ರೈಡ್ ಖಾಲಿ ಹೋಗಿ ಮೂರನೆಯದು ಡು ಆರ್ ಡೈ. ಅಂಕ ತರದೆ ಬಂದರೆ ಔಟ್. ಎದುರು ಏಳೂ ಜನ ಇದ್ದರು. ಆರು ಅಥವಾ ಹೆಚ್ಚು ಜನ ಇದ್ದರೆ ಬೋನಸ್ ಸಿಗುತ್ತದೆ ತಾನೆ? ನಾನು 'ಉಪ್ಪು' ಅಂದೆ. ನಮ್ಮ ರೈಡರ್ ತೊಡೆ ತಟ್ಟಿದಳು, ಎರಡು ಸಲ. ಹೋದವಳು ನೇರ ಬಲ ಕಾರ್ನರ್ ಕಡೆ ನುಗ್ಗಿದಳು. ಸಾಲಿನ ನಡುಭಾಗದಲ್ಲಿ ನಿಲ್ಲುವ ಕವರ್ ಪಕ್ಕದಿಂದ ಬಂದು ಡ್ಯಾಶ್ ಕೊಟ್ಟಳು, ಡಿಕ್ಕಿ ಹೊಡೆದು ದೂಡಿದಳು. ನಮ್ಮವಳು ಗೆರೆಯಾಚೆ ಬಿದ್ದಳು. ಸೋತೆವು.

ವಾಪಸ್ ಬರುವಾಗ ಟಂಟಂನಲ್ಲಿ ಆಕೆ ನನ್ನ ಪಕ್ಕ ಕುಳಿತಿದ್ದಳು. ಮೊಣಕೈ ಕಿತ್ತು ಗರಸು ಅಂಟಿತ್ತು. ಒಂದೊಂದೇ ಕಲ್ಲು ಉಗುರಿನಲ್ಲಿ ತೆಗೆಯುತ್ತಿದ್ದಳು. 'ಏನ್ ನೋಡ್ದಿ?' ಎಂದು ಕೇಳಿದೆ. 'ಆಕಿ ಮೊಣಕಾಲ ಮಡಚಲತ್ತಿದ್ದಿಲ್ರಿ ಮೇಡಂ. ಒಳಗ ಬಟ್ಟಿ ಕಟ್ಟಿದ್ಳು. ಕವರ್ ಬರ್ತಾಳ ಅಂತ ನನಗ ತಿಳೀಲಿಲ್ರಿ' ಎಂದಳು.

ಆ ಮೊಣಕಾಲು ನನಗೆ ಕಂಡಿರಲಿಲ್ಲ. ನಾನು ನೋಡುತ್ತಿದ್ದದ್ದು ಬೋನಸ್ ಗೆರೆಯನ್ನು ಮಾತ್ರ. ಆಕೆ ನೋಡಿದ್ದು ಸರಿ ಇತ್ತು, ಕವರ್ ಲೆಕ್ಕ ತಪ್ಪಿತ್ತು. ಸೋಮವಾರ ಸಂಜೆ ಅದನ್ನೇ ಇಪ್ಪತ್ತು ಸಲ ಆಡಿಸಿದೆ. ಕಾರ್ನರ್ ಕಡೆ ಹೋಗು, ಕವರ್ ಬರುವುದನ್ನು ಓರೆಗಣ್ಣಲ್ಲಿ ನೋಡು, ಹಿಂದಕ್ಕೆ ಜಿಗಿ. ಈಗ ಎದುರು ಯಾರ ಕಾಲು ನೋಯುತ್ತಿದೆ, ಯಾರು ಬೇಗ ದಣಿದಿದ್ದಾರೆ ಎಂದು ಆಕೆಯೇ ಬಂದು ಹೇಳುತ್ತಾಳೆ. ಅದನ್ನು ಕೇಳಿಕೊಂಡೇ ನಾನು ಕೂಗುತ್ತೇನೆ. ನಾನು 'ಉಪ್ಪು' ಅಂದರೆ ಈಗ ತಿರುಗಿ ಸಹ ನೋಡುವುದಿಲ್ಲ, ಹೋಗಿಬಿಡುತ್ತಾಳೆ. ನಾನು ಕೂಗಿದ್ದು ಕೈಕೊಟ್ಟರೆ ಆಟ ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ, ಅದು ನಾನು ಹೇಳಿದ್ದು, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುತ್ತೇನೆ. ಮೊದಲ ಸಲ ಹೇಳುವಾಗ ಕಷ್ಟವಾಗಿತ್ತು.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಚೈನೀಸ್ ತೈಪೆ ತಂಡವನ್ನು 26–25ರಿಂದ ಗೆದ್ದರು. ಒಂದೇ ಅಂಕ! ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರು ಪ್ರೊ ಕಬಡ್ಡಿಯಲ್ಲಿ ಎರಡು ಬೇರೆ ಬೇರೆ ತಂಡಗಳಿಗೆ ಕೋಚ್ ಆಗಿ ಕಪ್ ಗೆಲ್ಲಿಸಿದ್ದಾರೆ, 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್. 2019ರ ಫೈನಲ್‌ನಲ್ಲಿ ಗಾಯದಿಂದಾಗಿ ಬೆಂಗಾಲ್ ಕ್ಯಾಪ್ಟನ್ ಮಣಿಂದರ್ ಸಿಂಗ್ ಆಡಲೇ ಇಲ್ಲ. ಅದೇ ತಂಡದ ಮೊಹಮ್ಮದ್ ನಬಿಬಕ್ಷ್ ಮುಂದಾಳಾಗಿ ನಿಂತರು, ದಬಂಗ್ ಡೆಲ್ಲಿ ತಂಡದ ವಿರುದ್ಧ 39–34ರಿಂದ ಗೆದ್ದರು. ಮುಖ್ಯ ರೈಡರ್ ಹೊರಗಿದ್ದಾಗ ಉಳಿದವರು ಕೋಚ್ ಮಾತನ್ನೂ ನಂಬಬೇಕು, ತಮ್ಮ ಕಣ್ಣನ್ನೂ ನಂಬಬೇಕು. ಟಿವಿಯಲ್ಲಿ ಟೈಮ್ ಔಟ್ ಬಂದಾಗ ಗಮನಿಸಿ, ಆಟಗಾರರೂ ಮಾತಾಡುತ್ತಾರೆ. ನಮ್ಮ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಮಾತಾಡುವವರು ಮಾಸ್ತರರು ಒಬ್ಬರೇ. ಅವರ ಹಿಂದೆ ಊರಿನವರು, ಹಳೆಯ ಆಟಗಾರರು, ಮೊಬೈಲ್ ಹಿಡಿದವರು. ಎಲ್ಲರೂ ಒಂದೊಂದು ಕೂಗುತ್ತಾರೆ. ಒಳಗಿರುವ ಮಗು ಯಾರದನ್ನು ಕೇಳಬೇಕು?

ಶಿಕ್ಷಣ ಇಲಾಖೆಗೆ ನನ್ನ ಮನವಿ ಇಷ್ಟು. ಅಂಕಣದ ಗೆರೆ ಹತ್ತಿರ ಕೋಚ್ ಬಿಟ್ಟು ಬೇರೆಯವರು ನಿಲ್ಲದಂತೆ ಹಗ್ಗ ಕಟ್ಟಿಸಿ, ಖರ್ಚು ಜಾಸ್ತಿ ಇಲ್ಲ. ದೈಹಿಕ ಶಿಕ್ಷಕರ ತರಬೇತಿಯಲ್ಲಿ ನಿಯಮ, ಅಂಕಪಟ್ಟಿ ತುಂಬುವುದು ಎಲ್ಲ ಹೇಳಿಕೊಡುತ್ತೀರಿ. ಮಕ್ಕಳ ಜೊತೆ ಕೂತು ಆಟದ ಲೆಕ್ಕಾಚಾರ ಮಾಡುವುದು ಹೇಗೆ ಎಂಬುದಕ್ಕೂ ಅರ್ಧ ದಿನ ಕೊಡಿ. ಸೋತ ಮಗುವನ್ನು ಎಲ್ಲರೆದುರು ಬೈಯುವುದು, ಕೈ ಎತ್ತುವುದು ನಿಲ್ಲಬೇಕು. ಇದನ್ನು ಕ್ರೀಡಾಕೂಟದ ಸುತ್ತೋಲೆಯಲ್ಲೇ ಬರೆಯಿರಿ.

ಕಳೆದ ವಾರದ ಆ ಮಾಸ್ತರರು ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು. ನಿಮ್ಮ ಹುಡುಗಿಯರ ಚೈನ್ ನಮ್ಮದಕ್ಕಿಂತ ಗಟ್ಟಿ ಇದೆ, ನಾನೇ ನೋಡಿದ್ದೇನೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ತಂಡ ಕರೆದುಕೊಂಡು ನಮ್ಮ ಮೈದಾನಕ್ಕೆ ಬನ್ನಿ, ಒಂದು ಆಟ ಆಡಿಸೋಣ. ಮಧ್ಯಾಹ್ನದ ರೊಟ್ಟಿ ನಮ್ಮಲ್ಲೇ. ಎಡ ಕಾರ್ನರ್ ಆಡುವ ಆ ಹುಡುಗಿಯನ್ನು ಮಾತ್ರ ಬಿಟ್ಟು ಬರಬೇಡಿ.

– ಒಬ್ಬ ದೈಹಿಕ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ