ಗ್ರಹಣದ ತಪ್ಪಲ್ಲ

ಮಾನ್ಯರೇ,

ನಮ್ಮ ಬೀದಿಯಲ್ಲಿ ತಲೆಯಲ್ಲಿ ನೀರು ತುಂಬಿಕೊಂಡೇ ಹುಟ್ಟಿದ ಗಂಡುಕೂಸಿನ ತಾಯಿಗೆ ‘ಗ್ರಹಣ ನೋಡಿದ್ದಳಂತೆ’ ಎಂಬ ಮಾತು ಅಂಟಿತು. ಕೂಸಿನ ಎರಡೂ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿದ್ದವು. ಸುಳಿವು ಇದ್ದದ್ದು ಅಲ್ಲಿ, ಆಕಾಶದಲ್ಲಲ್ಲ. ತಲೆಯಲ್ಲಿ ಹೀಗೆ ನೀರು ತುಂಬುವ, ಹುಟ್ಟಿನಿಂದ ಬರುವ ಹೈಡ್ರೊಸೆಫಲಸ್‌ಗೆ ಸೋಂಕು, ರಕ್ತಸ್ರಾವ ಮುಂತಾದ ಕಾರಣಗಳೂ ಉಂಟು. ವಂಶವಾಹಿಯ ಕಾರಣಗಳಲ್ಲಿ ಹೆಚ್ಚು ಪರಿಚಿತವಾದದ್ದು ಎಕ್ಸ್ ವರ್ಣತಂತುವಿನಲ್ಲಿರುವ ಎಲ್‌1ಕ್ಯಾಮ್ ಎಂಬ ಜೀನ್‌ನ ದೋಷ. ಹೆಬ್ಬೆರಳು ಹಾಗೆ ಮಡಚಿಕೊಂಡಿರುವುದು ಇದರದೊಂದು ಗುರುತು. ಹೆಣ್ಣಿಗೆ ಇನ್ನೊಂದು ಎಕ್ಸ್ ಇರುವುದರಿಂದ ಸಾಮಾನ್ಯವಾಗಿ ತೊಂದರೆ ಕಾಣದು. ಆದರೆ ಆಕೆ ವಾಹಕಿಯಾಗಿದ್ದರೆ ಪ್ರತಿ ಗಂಡುಮಗುವಿಗೂ ದೋಷ ದಾಟುವ ಸಾಧ್ಯತೆ ಶೇ 50. ಹಾಗೆಂದು ತಾಯಿಯನ್ನು ದೂರುವುದು ಗ್ರಹಣವನ್ನು ದೂರಿದಷ್ಟೇ ಪೆದ್ದುತನ. ತಲೆಯ ನೀರು ಹರಿದುಹೋಗಲು ಷಂಟ್ ಎಂಬ ನಳಿಕೆ ಅಳವಡಿಸಿ ಮನೆಗೆ ಕಳುಹಿಸಿದರೆ ಸಾಲದು. ಜೀನ್ ಪರೀಕ್ಷೆ, ಮುಂದಿನ ಬಸಿರಿನ ಕುರಿತ ಸಲಹೆ ಜಿಲ್ಲಾ ಆಸ್ಪತ್ರೆಗಳಲ್ಲೇ ಸಿಗುವಂತಾಗಲಿ.

– ಒಬ್ಬ ಓದುಗ, ಶಿವಮೊಗ್ಗ