ಕೈ ಮುಗಿಸಿದ ಮಾತ್ರಕ್ಕೆ ರಾಜಿಯಾಗದು

ಮಾನ್ಯರೇ,

ಚಿಂತಾಮಣಿ, ಶ್ರೀನಿವಾಸಪುರ ಕಡೆಯ ಹಳ್ಳಿಗಳಲ್ಲಿ ಡೇರಿಯದೋ ಸ್ತ್ರೀಶಕ್ತಿ ಸಂಘದ್ದೋ ಜಗಳ ಎದ್ದರೆ, ಸಂಜೆಯೊಳಗೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ‘ಆಗಿದ್ದು ಆಗೋಯ್ತು, ಹೊಟ್ಟೆಗೆ ಹಾಕ್ಕೊಳ್ಳಮ್ಮ’ ಎಂದು ಮುಗಿಸುವ ರೂಢಿಯಿದೆ. ಅದೇ ಜಗಳ ಮತ್ತೆ ಏಳುವುದು ಬರೀ ಹಟದಿಂದಲ್ಲ. ಕಂತು ತಪ್ಪಿದ್ದಕ್ಕೆ ಹತ್ತು ಜನರೆದುರು ಮಾನ ಕಳೆದುಕೊಂಡವಳನ್ನು ಸಿದ್ಧತೆಯಿಲ್ಲದೆ ಅದೇ ಹತ್ತು ಜನರ ನಡುವೆ ಕೂರಿಸಿದರೆ ಮೈ ಮತ್ತೆ ಹೆದರುತ್ತದೆ. ಮಾತು ಕಟ್ಟುತ್ತದೆ, ನಡೆದದ್ದು ಹಿಂದುಮುಂದಾಗುತ್ತದೆ, ಕೆಲವರಿಗೆ ನಗುವೂ ಬರುತ್ತದೆ. ನೋಡಿದವರು ‘ಸುಳ್ಳು ಹೇಳ್ತಾಳೆ’ ಎಂದುಬಿಡುತ್ತಾರೆ.

ಮನಸ್ಸಿಗಾದ ಆಘಾತವನ್ನು ಲೆಕ್ಕಕ್ಕೆ ಹಿಡಿದು ನಡೆಸುವ ಪುನಃಸ್ಥಾಪನಾ ಸಭೆಯಲ್ಲಿ, ಅಂದರೆ ಆದ ನೋವು-ನಷ್ಟವನ್ನು ಸರಿಪಡಿಸಲು ಎರಡೂ ಕಡೆಯವರು ಕೂರುವ ಸಭೆಯಲ್ಲಿ, ಮುಕ್ಕಾಲು ಕೆಲಸ ಸಭೆಗೆ ಮುಂಚೆಯೇ ಆಗಬೇಕು. ಇಬ್ಬರನ್ನೂ ಬೇರೆಬೇರೆಯಾಗಿ, ಕನಿಷ್ಠ ಎರಡು ಸಲ, ಮುಕ್ಕಾಲು ಗಂಟೆಯಾದರೂ ಭೇಟಿಯಾಗಬೇಕು. ‘ಯಾಕೆ ಮಾಡಿದೆ?’ ಎಂದು ಶುರು ಮಾಡಿದರೆ ಕೆಟ್ಟಿತು. ಎದುರಿಗಿರುವವರು ಸಮರ್ಥನೆಗೆ ಇಳಿಯುತ್ತಾರೆ. ಏನಾಯಿತು, ಯಾರ್‍ಯಾರಿಗೆ ತೊಂದರೆಯಾಯಿತು, ಸರಿಹೋಗಲು ಏನಾಗಬೇಕು ಎಂದು ಕೇಳಿದರೆ ಸಾಕು. ಗಾಯದ ವಿವರವನ್ನೆಲ್ಲ ಕೆದಕಬೇಕಿಲ್ಲ. ಎಲ್ಲಿ ಕೂರಬೇಕು, ಜೊತೆಗೆ ಯಾರಿರಬೇಕು, ಮೊದಲು ಯಾರು ಮಾತಾಡಬೇಕು ಎಂಬುದನ್ನು ನೊಂದವರನ್ನೇ ಕೇಳಿ ಗೊತ್ತುಮಾಡಬೇಕು. ‘ಸಭೆಯೇ ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ತಪ್ಪು ಮಾಡಿದವರು ‘ನಾನು ಏನೂ ಮಾಡಿಲ್ಲ’ ಎಂದೇ ಪಟ್ಟು ಹಿಡಿದರೂ ಸಭೆ ಕರೆಯಬಾರದು.

ಸಭೆಗೆ ಎಂಟು-ಹತ್ತು ಜನ ಸಾಕು. ಜಗಳ ನಡೆದ ಜಾಗ ಬೇಡ. ಎಲ್ಲ ಜಾತಿಯವರೂ ಸಲೀಸಾಗಿ ಹತ್ತಲಾಗದ ದೇವಸ್ಥಾನದ ಕಟ್ಟೆಯಂತೂ ಬೇಡವೇ ಬೇಡ. ಮೊಬೈಲು ಹೊರಗಿರಲಿ. ನಡೆಸುವವರು ಇಬ್ಬರಿದ್ದರೆ, ಒಬ್ಬರು ಮಾತು ನಡೆಸುವಾಗ ಇನ್ನೊಬ್ಬರು ಮುಖ ನೋಡುತ್ತಿರಬಹುದು: ಉಸಿರು ಕಟ್ಟಿದಂತೆ, ಕಣ್ಣು ಒಂದೇ ಕಡೆ ನೆಟ್ಟಂತೆ ಕಂಡರೆ ಸಭೆ ನಿಲ್ಲಿಸಿ ನೀರು ಕೊಟ್ಟು ಹೊರಗೆ ಕರೆದೊಯ್ಯಬೇಕು. ಕ್ಷಮೆ ಕೇಳಿಸುವುದೇ ಗುರಿಯಾದರೆ ಹಳೇ ಪಂಚಾಯ್ತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

‘ಇನ್ನು ಮುಂದೆ ಸರಿಯಾಗಿರ್ತೀನಿ’ ಎಂಬ ಒಪ್ಪಂದ ವಾರವೂ ಬಾಳದು. ‘ಪ್ರತಿ ತಿಂಗಳು 10ರೊಳಗೆ ಇಷ್ಟು ರೂಪಾಯಿ’, ‘ಫ್ಯಾಟ್ ನೋಡುವ ಯಂತ್ರ ಹಾಲು ಹಾಕುವವರಿಗೂ ಕಾಣುವಂತಿರಬೇಕು’ ಎಂದು ಬರೆಯಬೇಕು. ಎರಡು ವಾರವಾದ ಮೇಲೆ ಒಮ್ಮೆ, ಮೂರು ತಿಂಗಳಿಗೆ ಇನ್ನೊಮ್ಮೆ ಹೋಗಿ ವಿಚಾರಿಸಬೇಕು. ಎಲ್ಲರೂ ಮರೆಯುವುದು ಇದನ್ನೇ.

ಎಲ್ಲದಕ್ಕೂ ಇದು ಮದ್ದಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ), ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣಗಳು ಪೊಲೀಸ್ ಠಾಣೆಗೇ ಹೋಗಬೇಕು. 2000ರಲ್ಲಿ ದಲಿತರನ್ನು ಸುಟ್ಟು ಕೊಂದ ಕಂಬಾಲಪಲ್ಲಿಯನ್ನು ಕಂಡ ನಮ್ಮ ತಾಲ್ಲೂಕಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರಿನಲ್ಲಿ, 2013ರ ಕಾಯ್ದೆಯಂತೆ, ನೊಂದ ಮಹಿಳೆ ತಾನಾಗಿ ಕೇಳಿದರಷ್ಟೇ ರಾಜಿ. ಹಣ ಕೊಟ್ಟು ಮುಗಿಸುವಂತಿಲ್ಲ.

2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆ ಜಾಗವಿದೆ: ಎರಡೂ ಕಡೆಯವರ ಮುಂಗಡ ಒಪ್ಪಿಗೆ, ಮೂವರ ತಂಡ. ಆ ಮೂವರಿಗೆ ಕಾನೂನಿನ ಜೊತೆ ಆಘಾತದ ಲಕ್ಷಣ ಗುರುತಿಸುವುದನ್ನೂ ಕಲಿಸಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಮೊದಲ ತರಬೇತಿಯನ್ನು ಡೇರಿ ಕಾರ್ಯದರ್ಶಿಗಳು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿಗಳಿಂದಲೇ ಶುರು ಮಾಡಲಿ.

– ಸಮುದಾಯ ಮಧ್ಯಸ್ಥಿಕೆಯಲ್ಲಿ ತೊಡಗಿರುವವರು, ಚಿಂತಾಮಣಿ