ಸ್ಕ್ರಿಪ್ಟ್ ತರುವ ಮುಂಚೆ ಒಮ್ಮೆ ನೋಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ತುಮಕೂರಿನಲ್ಲಿ ಸೇರುವಾಗ ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಸಿಸ್ಟಮ್ ಇರುತ್ತದೆ, ಅಲ್ವಾ? ನೀವು ತರುವ ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಆಜ್ಞೆಗಳನ್ನು ಸಾಲಾಗಿ ಬರೆದ ಫೈಲ್, ಎಲ್ಲದರಲ್ಲೂ ಓಡಬೇಕು.

ಯಾವ ಶೆಲ್ (ಆಜ್ಞೆ ಓದಿ ನಡೆಸುವ ಪ್ರೋಗ್ರಾಮ್) ಬೇಕು ಅಂತ ಹೇಳುವ ಮೊದಲ ಸಾಲಿನಲ್ಲಿ ‘ಎಸ್‌ಎಚ್’ ಅಂತ ಹಾಕಿದ್ದರೆ, ಒಳಗೆ ಬ್ಯಾಶ್ ಎಂಬ ಶೆಲ್‌ನ ಅರೇ (ಮೌಲ್ಯಗಳ ಪಟ್ಟಿ), ಜೋಡಿ ಚೌಕ ಆವರಣ ಬಳಸಬೇಡಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ 2006ರಿಂದ ‘ಎಸ್‌ಎಚ್’ ಹೆಸರಿನ ಹಿಂದೆ ಇರುವುದು ಡ್ಯಾಶ್ ಎಂಬ ಇನ್ನೊಂದು ಶೆಲ್. ಅದಕ್ಕೆ ಇವು ಅರ್ಥವಾಗುವುದಿಲ್ಲ. ಬ್ಯಾಶೇ ಬೇಕಿದ್ದರೆ ಅದರ ಹೆಸರನ್ನೇ ಬರೆಯಿರಿ. ಆದರೆ ಮ್ಯಾಕ್ ಜೊತೆ ಬರುವುದು ಬ್ಯಾಶ್‌ನ ಹಳೆಯ 3.2 ಆವೃತ್ತಿ, ಅಸೋಸಿಯೇಟಿವ್ ಅರೇ (ಹೆಸರು ಕೊಟ್ಟು ಮೌಲ್ಯ ಹುಡುಕುವ ಪಟ್ಟಿ) ಅದರಲ್ಲಿಲ್ಲ.

ಜಾಸ್ತಿ ಕಾಟ ಕೊಡುವುದು ಪಠ್ಯ ತಿದ್ದುವ ಸೆಡ್ ಆಜ್ಞೆಯ ‘ಐ’ ಆಯ್ಕೆ, ಅಂದರೆ ಅದೇ ಫೈಲಿನಲ್ಲೇ ತಿದ್ದುವುದು. ಮ್ಯಾಕ್‌ನಲ್ಲಿ ಅದರ ಮುಂದೆ ಬ್ಯಾಕಪ್ ಫೈಲಿನ ವಿಸ್ತರಣೆ ಕೊಡಲೇಬೇಕು, ಖಾಲಿಯಾದರೂ ಸರಿ. ಲಿನಕ್ಸ್‌ನಲ್ಲಿ ಬೇಕಿಲ್ಲ. ಸುಮ್ನೆ ಇನ್ನೊಂದು ಫೈಲಿಗೆ ಬರೆದು ಹೆಸರು ಬದಲಿಸುವುದೇ ಒಳ್ಳೆಯದು. ಪಠ್ಯ ತೋರಿಸಲು ಎಕೋ ಆಜ್ಞೆಯ ಬದಲು ಪ್ರಿಂಟ್‌ಎಫ್ ಬಳಸಿ.

ಸ್ಕ್ರಿಪ್ಟಿನ ತಪ್ಪು ಹುಡುಕಿ ಹೇಳುವ ಶೆಲ್‌ಚೆಕ್ ಓಡಿಸಿ. ಅದರ ಎಚ್ಚರಿಕೆ ಅರ್ಥವಾಗದಿದ್ದರೆ ಸಂಕೋಚವಿಲ್ಲದೆ ಇಲ್ಲೇ ಕೇಳಿ.